ಗದ್ದಲದ ಕಾಲಂ

೨೨ ಸೆಪ್ಟೆಂಬರ್ ೧೯೫೮, ಸೋಮವಾರ

ಇಂದಿನಿಂದ ಬರೆಯುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ. ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಹೋಗಿದೆ, ಆದ್ದರಿಂದ ಕಿವಿಗೆ ಬಿದ್ದದ್ದನ್ನು ಬಿದ್ದ ದಿನವೇ ಕಾಗದಕ್ಕೆ ಹಾಕುವುದೆಂದು ತೀರ್ಮಾನ ಮಾಡಿದ್ದೇನೆ. ನೆನಪು ಸುಳ್ಳು ಹೇಳುತ್ತದೆ. ಕಳೆದ ವರ್ಷ ಹೇಳಿತು.

ಮೂರನೇ ಮಂಚಕ್ಕೆ ಇವತ್ತು ಹೊಸಬಳು ಬಂದಳು. ಸುವರ್ಣಮ್ಮ, ಇಪ್ಪತ್ತಾರು ವರ್ಷ. ಗಂಡ ಕರಿಯಣ್ಣ ಭದ್ರಾವತಿಯ ಈ ಕಬ್ಬಿಣದ ಕಾರ್ಖಾನೆಯಲ್ಲಿ, ಕಾದ ಕಬ್ಬಿಣ ಬಡಿಯುವ ದೊಡ್ಡ ಸುತ್ತಿಗೆಯ ಯಂತ್ರದ ಮೇಲೆ ಕೆಲಸಕ್ಕಿದ್ದಾನೆ. ಏಳನೇ ತಿಂಗಳು, ಹೊಟ್ಟೆ ನೋಡಿದರೆ ಒಂಬತ್ತು ತುಂಬಿದ ಹಾಗಿದೆ. ಮಲಗಿದರೆ ಉಸಿರು ಕಟ್ಟುತ್ತದೆ. ಹಿಂದೆ ಎರಡು ಹೆತ್ತು ಎರಡನ್ನೂ ಕಳೆದುಕೊಂಡಿದ್ದಾಳೆ.

ನಾನು ನರ್ಸಾಗಿರುವ ಈ ಹೆರಿಗೆ ಮನೆ ಹನ್ನೆರಡು ಮಂಚದ್ದು. ಕಟ್ಟಿಸಿದ ಪುಣ್ಯಾತ್ಮರು ಜಾಗ ಸಿಕ್ಕಿತೆಂದು ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟೇ ಕಟ್ಟಿಬಿಟ್ಟರು. ಗೋಡೆಯ ಆಚೆ ಆ ಸುತ್ತಿಗೆ, ಹಗಲೂ ರಾತ್ರಿಯೂ. ಅದು ಬಿದ್ದಾಗಲೆಲ್ಲ ಔಷಧದ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ. ಇಂಥ ಜಾಗದಲ್ಲಿ ಮರದ ಕೊಳವೆಯ ಒಂದು ತುದಿ ಬಸುರಿಯ ಹೊಟ್ಟೆಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಒಳಗಿನ ಮಗುವಿನ ಗುಂಡಿಗೆಯನ್ನು ಎಣಿಸಬೇಕು. ಸಂತೆಯ ಮಧ್ಯೆ ಕೂತು ಕೈಗಡಿಯಾರದ ಟಿಕ್‌ಟಿಕ್ ಕೇಳುವ ಕೆಲಸ.

ಕಳೆದ ವರ್ಷದ್ದನ್ನೂ ಬರೆದುಬಿಡುತ್ತೇನೆ, ಒಂದೇ ಸಲ. ಕುಂಸಿಯ ಶಂಕರಮ್ಮನಿಗೆ ನಾನೇ ಹೇಳಿದ್ದೆ, ನಿನ್ನ ಮಗುವಿನ ಗುಂಡಿಗೆ ಗಟ್ಟಿಯಾಗಿ ಹೊಡೆದುಕೊಳ್ಳುತ್ತಿದೆ ಎಂದು. ಎರಡು ದಿನದ ಮೇಲೆ ಹುಟ್ಟಿದ ಮಗು ಸತ್ತು ಎರಡು ದಿನಕ್ಕಿಂತ ಹೆಚ್ಚಾಗಿತ್ತು. ಕೊಳವೆಯನ್ನು ಬೆರಳಿನಿಂದ ಹಿಡಿದುಕೊಂಡಿದ್ದೆ. ಹಿಡಿಯಬಾರದು, ಕೈ ಬಿಟ್ಟು ಕಿವಿಯಿಂದಲೇ ಒತ್ತಬೇಕು ಎಂದು ತರಬೇತಿಯ ಮೊದಲ ವಾರವೇ ಹೇಳಿಕೊಟ್ಟಿದ್ದರು. ಗಾಬರಿಯಲ್ಲಿ ಓಡುತ್ತಿದ್ದ ನನ್ನ ನಾಡಿಯನ್ನೇ ನಾನು ಎಣಿಸಿದ್ದೆ. ಆಮೇಲೆ ಶಂಕರಮ್ಮನ ಮುಖ ನೋಡಲಿಲ್ಲ. ಆಕೆ ಮನೆಗೆ ಹೊರಟ ದಿನ ಔಷಧದ ಕೋಣೆಯಲ್ಲಿ ಬಾಟಲಿ ಒರೆಸುತ್ತ ನಿಂತಿದ್ದೆ.

೨೩ ಸೆಪ್ಟೆಂಬರ್

ಡಾಕ್ಟರ್ ಗೋವಿಂದಯ್ಯ ಶಿವಮೊಗ್ಗದಿಂದ ಮಂಗಳವಾರ, ಶುಕ್ರವಾರ ಬರುತ್ತಾರೆ. ಮೂರನೇ ಮಂಚವನ್ನು ಹತ್ತು ನಿಮಿಷ ನೋಡಿದರು. ಬಸಿರಿನ ನೀರು ಹೆಚ್ಚಾಗಿದೆ, ಮಗುವಿನ ಗುಂಡಿಗೆ ತಮಗೆ ಕೇಳಲಿಲ್ಲ ಎಂದರು. ನನ್ನನ್ನು ಕೇಳಲಿಲ್ಲ. ಮೇಟ್ರನ್ ಪುಷ್ಪಮ್ಮನವರು ನನ್ನ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿದರು.

ಅವರು ಹೋದ ಮೇಲೆ ನಾನು ಕೊಳವೆ ಇಟ್ಟೆ. ಎಡ ಕೆಳಗೆ ಏನೋ ಇತ್ತು. ಇತ್ತೋ, ಇರಲಿ ಎಂದು ನನ್ನ ಆಸೆಯೋ ಗೊತ್ತಿಲ್ಲ. ಯಾರಿಗೂ ಹೇಳಲಿಲ್ಲ.

೨೫ ಸೆಪ್ಟೆಂಬರ್

ಗಂಡ ತೀರಿಕೊಂಡಾಗಿನಿಂದ ನಾನಿರುವುದು ನ್ಯೂ ಟೌನಿನಲ್ಲಿ, ಅಕ್ಕ ಮಹಾಂತಮ್ಮನ ಮನೆಯಲ್ಲಿ. ಭಾವ ಶಿವಶಂಕರಪ್ಪ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿಣ ಪರೀಕ್ಷೆ ಮಾಡುವವರು. ಮಾತು ಕಡಿಮೆ. ಆದರೆ ಕೆಲಸದ ವಿಷಯ ಎತ್ತಿದರೆ ಕಾಫಿ ಆರಿ ಹೋದರೂ ನಿಲ್ಲಿಸುವುದಿಲ್ಲ.

ಇವತ್ತು ಸಂಜೆ ನಾನೇ ಎತ್ತಿದೆ. ಗದ್ದಲದಲ್ಲಿ ಸಣ್ಣ ಸದ್ದು ಕೇಳುವುದು ಹೇಗೆ ಎಂದೆ. ಭಾವನಿಗೂ ಅದೇ ತಾಪತ್ರಯವಂತೆ. ಅವರ ಅಳತೆಯ ಯಂತ್ರದಲ್ಲಿ ಬೆಳಕಿನ ಒಂದು ಚುಕ್ಕೆ ಪಟ್ಟಿಯ ಮೇಲೆ ಸರಿದು ನಿಲ್ಲಬೇಕು. ಪಕ್ಕದ ಶೆಡ್ಡಿನಲ್ಲಿ ಕ್ರೇನ್ ಓಡಿದರೆ ಚುಕ್ಕೆ ನಡುಗುತ್ತದೆ. ಸರಿದದ್ದು ದನಿ, ನಡುಗಿದ್ದು ಗದ್ದಲ. ಎಷ್ಟು ದನಿಗೆ ಎಷ್ಟು ಗದ್ದಲ ಎನ್ನುವ ಲೆಕ್ಕ ಗೊತ್ತಿದ್ದರೆ ಮಾತ್ರ ಅಳತೆಗೆ ಬೆಲೆ. ರೇಡಿಯೋದಲ್ಲಿ ಸಿಲೋನ್ ಹಾಡಿನ ಜೊತೆ ಬರುವ ಗರಗರವೂ ಅದೇ, ದೂರದ ಊರಿಗೆ ಟ್ರಂಕ್ ಕಾಲ್ ಮಾಡಿ ನಾವು ಕಿರುಚಿ ಕಿರುಚಿ ಮಾತಾಡುವುದೂ ಅದಕ್ಕೇ. ರೇಡಿಯೋದ ಸದ್ದು ಏರಿಸಿದರೆ ಹಾಡಿನ ಜೊತೆ ಗರಗರವೂ ಏರುತ್ತದೆ, ಅದರಿಂದ ಪ್ರಯೋಜನವಿಲ್ಲ ಎಂದರು.

"ದನಿ ಹೆಚ್ಚಿಸೋಕೆ ಆಗಲ್ವಾ, ಗದ್ದಲ ಕಮ್ಮಿ ಮಾಡು. ಅದೂ ಆಗಲ್ವಾ, ಮತ್ತೆ ಮತ್ತೆ ಓದು. ಗದ್ದಲ ಒಂದ್ಸಲ ಈ ಕಡೆ ಎಳೆದ್ರೆ ಇನ್ನೊಂದ್ಸಲ ಆ ಕಡೆ ಎಳೆಯುತ್ತೆ. ದನಿ ಇದ್ದಲ್ಲೇ ಇರುತ್ತೆ. ಆದ್ರೆ ಒಂದು ಮಾತು ಜಗದಾ, ಓದಿದ್ದನ್ನೆಲ್ಲ ಬರಿ. ಇಷ್ಟ ಆಗದೆ ಇರೋದನ್ನೂ ಬರಿ."

ಅಕ್ಕ ಒಳಗಿನಿಂದ, "ಭಾನುವಾರದ ಸಂತೇಲಿ ನೂರು ಮಕ್ಕಳು ಅತ್ರೂ ನನಗೆ ನಮ್ಮ ಪಾಪು ಅಳೋದು ಕೇಳಲ್ವಾ, ಅದಕ್ಯಾಕೆ ಇಷ್ಟು ಶಾಸ್ತ್ರ" ಎಂದಳು. ಭಾವ ನಗಲಿಲ್ಲ. ಅದೂ ಸರಿ, ಏನು ಕೇಳಬೇಕು ಅಂತ ಮೊದಲೇ ಗೊತ್ತಿರುವ ಕಿವಿ ಅರ್ಧ ಗೆದ್ದ ಹಾಗೆ ಎಂದರು.

ನೋಟ್‌ಬುಕ್ಕಿನ ಹಿಂಭಾಗದಲ್ಲಿ ಗೆರೆ ಎಳೆದೆ. ಹೊತ್ತು, ನನ್ನ ನಾಡಿ, ತಾಯಿಯ ನಾಡಿ, ಹೊಟ್ಟೆಯ ಯಾವ ಜಾಗ. ಆಮೇಲೆ ಎರಡು ದೊಡ್ಡ ಕಾಲಂ. ಒಂದರ ತಲೆಗೆ 'ದನಿ', ಇನ್ನೊಂದರ ತಲೆಗೆ 'ಗದ್ದಲ'. ನಂಬುವಂಥ ಎಣಿಕೆ ಮೊದಲನೆಯದಕ್ಕೆ, ನಂಬಲಾಗದ್ದು ಎರಡನೆಯದಕ್ಕೆ.

೨೯ ಸೆಪ್ಟೆಂಬರ್

ನಾಲ್ಕು ದಿನಕ್ಕೆ ಹದಿನೈದು ಎಣಿಕೆ. ಒಂದೊಂದಕ್ಕೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಮೂರನೇ ಮಂಚ ನಗುತ್ತಾಳೆ, "ಯಾಕೆ ನರ್ಸಮ್ಮ, ಪೊಲೀಸ್ನೋರು ಹಿಡ್ಕೊಂಡು ಬಂದವ್ರ ಥರ ನಿಲ್ತೀರಿ" ಎಂದು.

ಸುತ್ತಿಗೆ ನಿಮಿಷಕ್ಕೆ ಮೂವತ್ತೆಂಟು ಏಟು. ನನ್ನ ನಾಡಿ ಎಂಬತ್ತು, ತಾಯಿಯದು ತೊಂಬತ್ತಾರು. ಎಡ ಕೆಳಗೆ ಕೇಳಿದ್ದು ನೂರ ಇಪ್ಪತ್ತಾರರ ಆಸುಪಾಸು. ಯಾವುದಕ್ಕೂ ಹೊಂದುವುದಿಲ್ಲ, ಅಂದರೆ ಅದು ಕೂಸಿನದೇ. ಎಂಟು ಎಣಿಕೆ ಹೀಗಿವೆ. ಉಳಿದ ಏಳು ದಾರಿ ತಪ್ಪಿದವು, ನೂರ ನಲವತ್ತೇಳು, ನೂರ ಐವತ್ತು, ಹೀಗೆ. ಅವನ್ನು ಗದ್ದಲಕ್ಕೆ ಹಾಕಿ ಮೇಲೆ ಗೆರೆ ಹೊಡೆದೆ.

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಸೈರನ್ ಕೂಗಿ ಸುತ್ತಿಗೆ ಐದು ನಿಮಿಷ ನಿಲ್ಲುತ್ತದೆ. ಅದೇ ಒಳ್ಳೆಯ ಹೊತ್ತು ಎಂದುಕೊಂಡರೆ, ಅದೇ ಸೈರನ್ನಿಗೆ ನೋಡಲು ಬರುವವರ ಬಾಗಿಲೂ ತೆರೆಯುತ್ತದೆ. ಟಿಫನ್ ಕ್ಯಾರಿಯರ್, ತಮಿಳು, ತೆಲುಗು, ಅತ್ತೆಯರ ಅಳು. ಕಬ್ಬಿಣ ಸುಮ್ಮನಾದರೆ ಮನುಷ್ಯರು ಶುರು.

೩ ಅಕ್ಟೋಬರ್

೧೨೬. ೧೨೮. ೧೨೪. ಮತ್ತೆ ೧೪೮, ಗದ್ದಲ. ಹಟ ಬಿಡುವುದಿಲ್ಲ.

೭ ಅಕ್ಟೋಬರ್, ಮಂಗಳವಾರ

ಧೈರ್ಯ ಮಾಡಿ ಡಾಕ್ಟರಿಗೆ ಎರಡು ಕಾಲಮನ್ನೂ ತೋರಿಸಿದೆ. ದನಿಯದನ್ನು ಮಾತ್ರ ಬೇರೆ ಹಾಳೆಗೆ ಬರೆದುಕೊಂಡು ತೋರಿಸಿದ್ದರೆ ಜಾಣೆ ಅನ್ನಿಸಿಕೊಳ್ಳುತ್ತಿದ್ದೆ. ಕಳೆದ ವರ್ಷದ ಮೇಲೆ ಅಂಥ ಜಾಣತನ ನನಗೆ ಬೇಡ.

ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಕೆಟ್ಟವರಲ್ಲ, ಅದನ್ನು ಬರೆಯಲೇಬೇಕು.

"ನೋಡಮ್ಮ, ದನಿ ಇಪ್ಪತ್ತೊಂದು, ಗದ್ದಲ ಹತ್ತೊಂಬತ್ತು. ಅರ್ಧಕ್ಕರ್ಧ ನೀನೇ ಸುಳ್ಳು ಅಂತ ಗೆರೆ ಹೊಡ್ದಿದೀಯ. ಮಿಕ್ಕ ಅರ್ಧಾನ ನಾನು ಹ್ಯಾಗೆ ನಂಬ್ಲಿ? ಒಂದೇ ಗುಂಡಿಗೆ ಒಂದು ಗಳಿಗೆ ಎತ್ತಿನ ಗಾಡಿ, ಇನ್ನೊಂದು ಗಳಿಗೆ ಜಟಕಾ ಆಗಲ್ಲ. ನೀನು ನಿನ್ನ ಆಸೆ ಎಣಿಸ್ತಿದೀಯ. ಹಿಂದೆ ಒಂದ್ಸಲ ಹೀಗೇ ಆಯ್ತಲ್ಲ."

ಆಮೇಲೆ ಪುಷ್ಪಮ್ಮನವರ ಎದುರೇ ತೀರ್ಮಾನ ಹೇಳಿದರು. ಮಗು ಬದುಕಿಲ್ಲ. ನೀರು ಹೀಗೇ ಏರಿದರೆ ತಾಯಿಯ ಉಸಿರಿಗೇ ಸಂಚಕಾರ. ದಸರಾ ಕಳೆದ ಮೇಲೆ, ಇಪ್ಪತ್ತನಾಲ್ಕನೇ ತಾರೀಖು ಶುಕ್ರವಾರ, ನೀರು ಒಡೆದು ಹೆರಿಗೆ ಮಾಡಿಸುವುದು. ತಾಯಿಯನ್ನಾದರೂ ಉಳಿಸೋಣ ಎಂದರು.

ಅವರ ಅಂದಾಜು ಸರಿಯಾಗಿದ್ದರೆ ಅವರ ಮಾತು ನೂರಕ್ಕೆ ನೂರು ಸರಿ. ತಪ್ಪಾಗಿದ್ದರೆ, ಬದುಕಿರುವ ಎಂಟು ತಿಂಗಳ ಕೂಸನ್ನು ನಾವೇ ಹೊರಗೆ ಎಳೆದು ಕೊಂದ ಹಾಗೆ. ನನಗೆ ಹದಿನೇಳು ದಿನ ಇದೆ.

೮ ಅಕ್ಟೋಬರ್

ಯಾರೂ ಏನೂ ಹೇಳದಿದ್ದರೂ ಅವಳಿಗೆ ತಿಳಿದಿದೆ. ಕೊಳವೆ ಇಡಲು ಹೋದಾಗ ಕೈ ಹಿಡಿದಳು.

"ನರ್ಸಮ್ಮ, ಒಂದೇ ಮಾತು ಹೇಳಿ. ಐತೋ ಇಲ್ವೋ?"

ಇದೆ ಎನ್ನಲು ನಾಲಿಗೆ ತುದಿಯವರೆಗೆ ಬಂತು. ನುಂಗಿದೆ. "ಕೇಳ್ತಾ ಇದ್ದೀನಿ ಸುವರ್ಣಾ, ಇನ್ನೂ ಕೇಳ್ತಾ ಇದ್ದೀನಿ" ಎಂದೆ. ಅವಳು ಕೈ ಬಿಟ್ಟು, ಕೇಳಲು ಅನುಕೂಲವಾಗಲೆಂದು ಉಸಿರು ಬಿಗಿಹಿಡಿದಳು. ಉಸಿರೇ ಸಾಲದ ಹೆಂಗಸು. ಹಾಗೆ ಮಾಡಬೇಡ ಎಂದು ಗದರಿದೆ, ಆಮೇಲೆ ಔಷಧದ ಕೋಣೆಗೆ ಹೋಗಿ ಅತ್ತೆ.

೧೨ ಅಕ್ಟೋಬರ್, ಮಹಾಲಯ ಅಮಾವಾಸ್ಯೆ

ಹಿರಿಯರ ಪೂಜೆಯ ಊಟವಾದ ಮೇಲೆ ಭಾವ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ನನ್ನ ನೋಟ್‌ಬುಕ್ ಕೇಳಿದರು. ಸೋತ ಲೆಕ್ಕ, ನೋಡಿ ಏನು ಮಾಡುತ್ತೀರಿ ಎಂದು ಕೊಟ್ಟೆ. ದನಿಯ ಕಾಲಮನ್ನು ಒಮ್ಮೆ ನೋಡಿ ಬಿಟ್ಟರು. ಗದ್ದಲದ ಕಾಲಮಿನ ಮೇಲೆ ಬೆರಳು ಇಟ್ಟುಕೊಂಡು ಒಂದೊಂದೇ ಸಾಲು ಇಳಿದರು.

"ಜಗದಾ, ನಿನ್ನ ಗದ್ದಲಕ್ಕೆ ಶಿಸ್ತು ಜಾಸ್ತಿ."

ಹಾಗೆಂದರೆ ಎಂದೆ. ಗದ್ದಲ ಅಂದರೆ ಕೈಜಾರಿದ ರಾಗಿಯ ಹಾಗೆ ಎಲ್ಲೆಂದರಲ್ಲಿ ಚೆಲ್ಲಿರಬೇಕು, ತೊಂಬತ್ತೂ ಬರಬೇಕು, ನೂರೆಂಬತ್ತೂ ಬರಬೇಕು ಎಂದರು. ನನ್ನ ಇಪ್ಪತ್ತೆಂಟು ಗದ್ದಲಗಳಲ್ಲಿ ಇಪ್ಪತ್ತಾರು ನೂರ ನಲವತ್ತೈದಕ್ಕೂ ನೂರ ಐವತ್ತೊಂದಕ್ಕೂ ನಡುವೆಯೇ ಕೂತಿವೆ. ಆ ಇಪ್ಪತ್ತಾರೂ ಬಲಗಡೆ, ಹೊಕ್ಕುಳಿನಿಂದ ಮೇಲೆ ಕೇಳಿದವು. ಜಾಗವನ್ನು ಬರೆದವಳು ನಾನೇ, ಒಮ್ಮೆಯೂ ಸಾಲಾಗಿ ಓದಿ ನೋಡಿರಲಿಲ್ಲ.

"ನಮ್ಮಲ್ಲಿ ಓದಿದ್ದು ಹೀಗೆ ಎರಡು ಗುಡ್ಡೆ ಆದ್ರೆ ನಾವು ಯಂತ್ರಾನ ಬೈಯಲ್ಲ. ಎರಡು ಕುಲುಮೆ ಮಾದರಿ ಒಂದೇ ಚೀಟಿ ಕೆಳಗೆ ಸೇರ್ಕೊಂಡಿದೆ ಅಂತ ಹುಡುಕ್ತೀವಿ" ಎಂದರು. ಕಬ್ಬಿಣದ ಮನುಷ್ಯ, ಕಬ್ಬಿಣದ ಮಾತು. ಏನು ಹೇಳಿದೆ ಎಂದು ಅವರಿಗೇ ಗೊತ್ತಾಗಲಿಲ್ಲ.

ನಾನು ಎದ್ದು ನಿಂತುಬಿಟ್ಟೆ. ಲೋಟ ಉರುಳಿತು. ಎರಡು ಕುಲುಮೆ, ಒಂದು ಚೀಟಿ. ಆ ಹೊಟ್ಟೆ ಅಷ್ಟು ದೊಡ್ಡದಾಗಿರುವುದಕ್ಕೆ ನೀರೊಂದೇ ಕಾರಣವಲ್ಲ. ಅವಳಿ.

೧೪ ಅಕ್ಟೋಬರ್, ಮಂಗಳವಾರ

ಡಾಕ್ಟರಿಗೆ ಹೇಳಿದೆ. ಮೊದಲು ಒಂದಕ್ಕೇ ಗತಿಯಿಲ್ಲ, ಈಗ ಎರಡು ತಂದೆಯಾ ಎಂದರು. ಆದರೆ ನೋಟ್‌ಬುಕ್ ವಾಪಸು ಕೊಡುವ ಮೊದಲು ಮತ್ತೊಮ್ಮೆ ತೆರೆದು ಬಲ ಮೇಲಿನ ಸಾಲನ್ನು ಓದಿದರು. ಹೊಟ್ಟೆಯನ್ನು ಮತ್ತೆ ಮುಟ್ಟಿ ನೋಡಿದರು. ನೀರಿನ ಬಿಗಿಯಲ್ಲಿ ಕೈಗೆ ಏನೂ ಸಿಗುತ್ತಿಲ್ಲ ಎಂದರು. ಸ್ಟೆತಾಸ್ಕೋಪ್ ಇಟ್ಟರು. ಅದೇ ಹೊತ್ತಿಗೆ ಸುತ್ತಿಗೆ ಬಿತ್ತು, ಮತ್ತೆ ಬಿತ್ತು. ಮುಖ ಸಿಂಡರಿಸಿ ಕಿವಿಯಿಂದ ತೆಗೆದರು.

ಅವಳಿಯನ್ನು ಖಚಿತ ಮಾಡಿಕೊಳ್ಳಲು ಒಂದು ಹಳೆಯ ವಿಧಾನವಿದೆ. ಇಬ್ಬರು ಒಂದೇ ಹೊತ್ತಿಗೆ ಎರಡು ಜಾಗದಲ್ಲಿ ಕೇಳಿ, ಒಬ್ಬರಿಗೊಬ್ಬರು ಹೇಳದೆ ಒಂದು ಪೂರಾ ನಿಮಿಷ ಎಣಿಸಬೇಕು. ಹತ್ತಕ್ಕಿಂತ ಹೆಚ್ಚು ಅಂತರ ಬಂದರೆ ಗುಂಡಿಗೆ ಎರಡು. ಅದನ್ನು ನೆನಪಿಸಿದೆ. "ಒಂದು ನಿಮಿಷ ನಿಶ್ಶಬ್ದ ಕೊಡು, ಬಂದು ಎಣಿಸ್ತೀನಿ" ಎಂದರು ಡಾಕ್ಟರು. ಭದ್ರಾವತಿಯಲ್ಲಿ ನಿಶ್ಶಬ್ದ ಎಲ್ಲಿಂದ ತರಲಿ? ಎರಡರ ಸೈರನ್ನಿಗೆ ಬಾಗಿಲು ಮುಚ್ಚಿದರೆ ಜನ ಹೊರಗೆ ನಿಂತು ಬಡಿಯುತ್ತಾರೆ, ರಾತ್ರಿಯ ಸೈರನ್ನಿಗೆ ಡಾಕ್ಟರು ಊರಲ್ಲಿರುವುದಿಲ್ಲ. ಅವಳನ್ನು ಶಿವಮೊಗ್ಗಕ್ಕೆ ಸಾಗಿಸೋಣವೆಂದರೆ, ಆ ಉಸಿರಿನಲ್ಲಿ ದಾರಿಯ ಕುಲುಕಾಟ ಬೇಡ ಎಂದು ಅವರೇ ಬರೆದಿಟ್ಟಿದ್ದಾರೆ.

೧೭ ಅಕ್ಟೋಬರ್

ಕರಿಯಣ್ಣ ತನ್ನ ಫೋರ್‌ಮನ್ ಈಶ್ವರಪ್ಪನವರನ್ನು ಕೇಳಿದನಂತೆ, ಹತ್ತು ನಿಮಿಷ ಸುತ್ತಿಗೆ ನಿಲ್ಲಿಸಿ ಎಂದು. ಅವರು ಕಾದ ಕಬ್ಬಿಣ ನಿನ್ನ ಹೆಂಡತಿಗಾಗಿ ಕಾಯುತ್ತದೆಯೇ ಎಂದರಂತೆ. ಅವರದೂ ತಪ್ಪಿಲ್ಲ, ರೈಲ್ವೆಯ ಆರ್ಡರು ತಲೆಯ ಮೇಲಿದೆ.

ಈ ಮನುಷ್ಯ ಹೆಂಡತಿಯ ಮಂಚದ ಪಕ್ಕ ಕೂತು ನೆಲ ನೋಡುತ್ತಾನೆ. ಇವತ್ತು ಒಂದೇ ಸಲ ಬಾಯಿ ಬಿಟ್ಟ. "ಅಮ್ಮ, ನಾನು ಹೊಡೆಯೋ ಏಟೇ ನನ್ನ ಮಗೀನ ದನಿ ಮುಚ್ತಾ ಐತೆ ಅಂದ್ರೆ ಕೈ ಓಡಲ್ಲ."

ಸುಮ್ಮನೆ ಮಾತು ಬೇರೆ ಕಡೆಗೆ ತಿರುಗಿಸಲು, ಆ ಸುತ್ತಿಗೆ ವರ್ಷದಲ್ಲಿ ಒಮ್ಮೆಯೂ ಸುಮ್ಮನಿರುವುದಿಲ್ಲವೇ ಎಂದು ಕೇಳಿದೆ. ಅವನು ತಲೆ ಎತ್ತಿದ. ಆಯುಧಪೂಜೆಯ ದಿನ ಹತ್ತು ಗಂಟೆಗೆ ನಿಲ್ಲಿಸಿ, ತೊಳೆದು, ಹೂ ಹಾಕಿ ಪೂಜೆ ಮಾಡುತ್ತಾರಂತೆ. ಮಾಮೂಲಿಗೆ ದಿನವಿಡೀ ರಜೆ, ಈ ಸಲ ಆರ್ಡರಿನ ಅವಸರಕ್ಕೆ ಕುಂಬಳಕಾಯಿ ಒಡೆದ ಕೂಡಲೇ ಶುರು. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆ ಹೊತ್ತಿಗೆ ಬರುವವರು ಹೋಗುವವರೆಲ್ಲ ಪೂಜೆಗೆ ಹೋಗಿರುತ್ತಾರೆ, ವಾರ್ಡೂ ಖಾಲಿ.

ಡಾಕ್ಟರು ಮಧ್ಯಾಹ್ನ ಬಂದಾಗ ಬೇಡಿಕೊಂಡೆ. ಹಬ್ಬದ ದಿನವಾದರೂ ಮಂಗಳವಾರ ತಾನೇ ಎಂದು ಗೊಣಗಿ ಒಪ್ಪಿದರು. ಹತ್ತಕ್ಕೆ ಸರಿಯಾಗಿ ಬರುತ್ತಾರೆ. ಇಪ್ಪತ್ತು ನಿಮಿಷ ಸಾಕು.

೨೧ ಅಕ್ಟೋಬರ್, ಆಯುಧಪೂಜೆ

ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೇ ಕರಿಯಣ್ಣ ಹೊಸ ಅಂಗಿ ಹಾಕಿಕೊಂಡು ಹೆಂಡತಿಯನ್ನು ನೋಡಲು ಬಂದಿದ್ದ. ಕೈಯಲ್ಲಿ ದೊಡ್ಡ ಗೋಣಿಚೀಲದ ಗಂಟು. ಅದನ್ನು ಮಂಚದ ಕೆಳಗೆ ತಳ್ಳಿ, ಆಮೇಲೆ ಒಯ್ಯುತ್ತೇನೆ, ಯಾರೂ ಮುಟ್ಟಬೇಡಿ ಎಂದು ಹೋದ.

ಹತ್ತಕ್ಕೆ ಸುತ್ತಿಗೆ ನಿಂತಿತು. ಬಾಟಲಿಗಳ ಕಿಣಿಕಿಣಿ ನಿಂತಿತು. ನಾಲ್ಕು ವರ್ಷದಿಂದ ಈ ಕಟ್ಟಡದಲ್ಲಿದ್ದೇನೆ, ಆಯುಧಪೂಜೆಗೆ ಪ್ರತಿ ಸಲ ರಜೆ ಹಾಕಿ ಮನೆಯಲ್ಲಿರುತ್ತಿದ್ದೆ, ಹಗಲು ಹೊತ್ತಿನಲ್ಲಿ ನಲ್ಲಿಯ ಹನಿ ಬೀಳುವ ಸದ್ದು ಇವತ್ತೇ ಮೊದಲು ಕೇಳಿದ್ದು. ಒಂದು ವಾರದಿಂದ ಕಾದ ನಿಶ್ಶಬ್ದ ಬಂತು, ಡಾಕ್ಟರು ಬರಲಿಲ್ಲ.

ಹತ್ತೂಕಾಲು. ಗೋಡೆಯ ಆಚೆ ಮಂತ್ರ, ಗಂಟೆ. ನಾನು ಒಬ್ಬಳೇ ಕೊಳವೆ ಇಟ್ಟೆ. ಎಡ ಕೆಳಗೆ ಇತ್ತು. ಬಲ ಮೇಲೆಯೂ ಇತ್ತು, ಸ್ಪಷ್ಟವಾಗಿ, ಅವಸರದ ಪುಟ್ಟ ಹೆಜ್ಜೆಗಳು. ಆದರೆ ನಾನು ಒಬ್ಬಳೇ ಕೇಳಿದ್ದಕ್ಕೆ ಯಾವ ಬೆಲೆಯೂ ಇಲ್ಲ. ಅದು ನನಗೇ ಬೇಡ.

ಹತ್ತೂವರೆ. ಮಂಗಳಾರತಿಯ ಗಂಟೆ ಜೋರಾಯಿತು. ಇನ್ನೇನು ಕುಂಬಳಕಾಯಿ ಒಡೆಯುತ್ತಾರೆ, ಶುರುವಾಗುತ್ತದೆ. ಪುಷ್ಪಮ್ಮನವರು ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಆದರೆ ಸುತ್ತಿಗೆ ಶುರುವಾಗಲಿಲ್ಲ. ಗೋಡೆಯ ಆಚೆ ಮಂತ್ರದ ಬದಲು ಯಾರೋ ಯಾರನ್ನೋ ಬೈಯುವುದು ಕೇಳುತ್ತಿತ್ತು.

ಹತ್ತೂ ನಲವತ್ತಕ್ಕೆ ಡಾಕ್ಟರ ಕಾರು ಬಂತು. ಮುಂದೆ ಚೆಂಡು ಹೂವಿನ ಹಾರ, ಗಾಜಿನ ಮೇಲೆ ವಿಭೂತಿ ಕುಂಕುಮ. ಪೂಜೆಯಾಗದೆ ಕಾರು ಹೊರಡಕೂಡದೆಂದು ಅವರ ಮನೆಯವರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟುಕೊಂಡು ನಿಂತಿದ್ದರಂತೆ. ಅವಸರದಲ್ಲಿ ಮಂಚದ ಹತ್ತಿರ ಬಂದವರು ಕಾಲಿಗೆ ಏನೋ ತಾಗಿ ಮುಗ್ಗರಿಸಿದರು. ಗೋಣಿಚೀಲ ಸರಿದು ಒಳಗಿನದು ಉರುಳಿ ಬಂತು. ತಲೆಗೆ ಕುಂಕುಮ ಹಚ್ಚಿದ ದೊಡ್ಡ ಬೂದುಗುಂಬಳಕಾಯಿ.

ಸುವರ್ಣ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೋಡೆಯ ಆಚೆ ಯಾಕೆ ಬೈಗುಳ, ಸುತ್ತಿಗೆ ಯಾಕೆ ಇನ್ನೂ ಸುಮ್ಮನಿದೆ ಎಂದು ನಮಗೆಲ್ಲ ಒಟ್ಟಿಗೆ ತಿಳಿಯಿತು. ಕುಂಬಳಕಾಯಿ ಒಡೆಯದೆ ಯಾವ ಫೋರ್‌ಮನ್ ಯಂತ್ರ ಮುಟ್ಟುತ್ತಾನೆ? ನೆಲ ನೋಡಿಕೊಂಡು ಕೂರುವ ಆ ಮನುಷ್ಯ ಇಡೀ ಸುತ್ತಿಗೆಯನ್ನು ತಂದು ಹೆಂಡತಿಯ ಮಂಚದ ಕೆಳಗೆ ಇಟ್ಟು ಹೋಗಿದ್ದ.

ಡಾಕ್ಟರು ಎಡ ಕೆಳಗೆ ಸ್ಟೆತಾಸ್ಕೋಪ್ ಇಟ್ಟರು. ನಾನು ಬಲ ಮೇಲೆ ಕೊಳವೆ ಇಟ್ಟು ಕೈ ಬೆನ್ನ ಹಿಂದೆ ಕಟ್ಟಿದೆ. ಪುಷ್ಪಮ್ಮನವರು ಗಡಿಯಾರ ಹಿಡಿದು ಕೈ ಇಳಿಸಿದರು.

ಆ ಒಂದು ನಿಮಿಷವನ್ನು ಬರೆಯಲು ನನಗೆ ಬಾರದು. ನಾನು ಎಣಿಸಿದೆ, ಅಷ್ಟೇ. ಆಸೆಪಡಲಿಲ್ಲ, ದೇವರನ್ನೂ ನೆನೆಯಲಿಲ್ಲ.

ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಪುಷ್ಪಮ್ಮನವರ ಕೈಗೆ ಕೊಟ್ಟೆವು. ಅವರು ಬಿಡಿಸಿದರು. ಡಾಕ್ಟರದು ನೂರ ಇಪ್ಪತ್ತೇಳು. ನನ್ನದು ನೂರ ನಲವತ್ತೊಂಬತ್ತು.

ಡಾಕ್ಟರು ನನ್ನನ್ನು ಆ ಕಡೆಗೆ ಕಳಿಸಿ ತಾವು ಈ ಕಡೆ ಬಂದರು. ಇನ್ನೊಂದು ನಿಮಿಷ. ಈ ಸಲ ಅವರದು ನೂರ ನಲವತ್ತೆಂಟು, ನನ್ನದು ನೂರ ಇಪ್ಪತ್ತಾರು.

"ಎರಡೂ ಚೆನ್ನಾಗಿವೆ" ಎಂದರು. ನನಗಲ್ಲ, ಸುವರ್ಣಳಿಗೆ. ಆಮೇಲೆ ಕೇಸ್ ಶೀಟ್ ತರಿಸಿ ಏಳನೇ ತಾರೀಖಿನ ತಮ್ಮ ಸಾಲಿನ ಮೇಲೆ ಗೆರೆ ಹೊಡೆದು ಪಕ್ಕದಲ್ಲಿ ರುಜು ಮಾಡಿದರು. ಉಸಿರಿಗೆ ದಿಂಬು ಏರಿಸಿ ಒರಗಿಸಿಯೇ ಮಲಗಿಸಿ, ದಿನ ತುಂಬುವವರೆಗೆ ಮಂಚದಿಂದ ಇಳಿಸಬೇಡಿ ಎಂದರು. ಬಾಗಿಲ ಹತ್ತಿರ ನಿಂತು, "ಜಗದಾಂಬಾ, ನಿನ್ನ ನೋಟ್‌ಬುಕ್ ಶುಕ್ರವಾರ ನನಗೆ ಒಂದು ದಿನದ ಮಟ್ಟಿಗೆ ಬೇಕು" ಎಂದು ಹೋದರು.

ಆಯಾ ಶಾಂತಮ್ಮ ಕುಂಬಳಕಾಯಿಯನ್ನು ಸೊಂಟದ ಮೇಲೆ ಕೂಸಿನ ಹಾಗೆ ಎತ್ತಿಕೊಂಡು ಕಾರ್ಖಾನೆಯ ಗೇಟಿಗೆ ಹೋದಳು. ಹತ್ತು ನಿಮಿಷಕ್ಕೆ ಸುತ್ತಿಗೆ ಬಿತ್ತು. ಬೀಳಲಿ.

೨೨ ಅಕ್ಟೋಬರ್, ವಿಜಯದಶಮಿ

ಕರಿಯಣ್ಣನಿಗೆ ಒಂದು ವಾರ ಕೆಲಸದಿಂದ ಹೊರಗೆ ನಿಲ್ಲುವ ಶಿಕ್ಷೆಯಾಗಿದೆಯಂತೆ. ಬನ್ನಿ ಕೊಡಲು ಬಂದವನು ಅದನ್ನು ಹೇಳಿ ಮೊದಲ ಸಲ ನಕ್ಕ. ಭಾವನಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದೆ. ನಾನೇನು ಮಾಡಿದೆ ಮಾರಾಯ್ತಿ, ಕಬ್ಬಿಣದ ಮಾತು ಹೇಳಿದೆ ಎಂದರು.

೧೮ ನವೆಂಬರ್, ಮಂಗಳವಾರ

ಮಧ್ಯಾಹ್ನ ಒಂದೂ ಹತ್ತಕ್ಕೆ ಮೊದಲನೆಯದು, ಹೆಣ್ಣು, ಅಳುತ್ತಲೇ ಬಂತು. ಹದಿನೆಂಟು ನಿಮಿಷದ ಮೇಲೆ ಎರಡನೆಯದು, ಗಂಡು. ಸಣ್ಣದು, ನೀಲಿ, ದನಿಯೇ ಇಲ್ಲ. ಡಾಕ್ಟರು ತಾಯಿಯ ಕಡೆ ಇದ್ದರು. ನಾನು ಅದನ್ನು ಬೋರಲು ಹಾಕಿಕೊಂಡು ಬೆನ್ನು ಉಜ್ಜಿದೆ, ಬಾಯಿ ಒರೆಸಿದೆ, ಮತ್ತೆ ಉಜ್ಜಿದೆ. ಎದೆಗೆ ಬೆರಳು ಇಟ್ಟೆ. ಬೆರಳಿನ ಕೆಳಗೆ ಅದೇ ಅವಸರದ ಹೆಜ್ಜೆ. ನಿನ್ನ ಗುರುತು ನನಗಿದೆ, ನಿನ್ನ ಎಣಿಕೆ ನನಗೆ ಬಾಯಿಪಾಠ, ಸುಮ್ಮನಿದ್ದು ನನಗೆ ಮೋಸ ಮಾಡಬೇಡ ಎಂದೆ. ಗಟ್ಟಿಯಾಗಿಯೇ ಹೇಳಿದೆನಂತೆ, ಪುಷ್ಪಮ್ಮನವರು ಆಮೇಲೆ ಹೇಳಿದರು.

ಅತ್ತಿತು.

ಈಗ ಮನೆಗೆ ಬಂದು ಹಿಂದಿನ ಪುಟಗಳನ್ನು ತಿರುವಿದೆ. ದನಿಯ ಕಾಲಮಿನಲ್ಲಿ ಹೆಣ್ಣುಮಗು ಇದ್ದಾಳೆ, ಮೊದಲ ದಿನದಿಂದ. ಗಂಡುಮಗು ಪೂರ್ತಿ ಗದ್ದಲದ ಕಾಲಮಿನಲ್ಲಿದ್ದಾನೆ. ಇಪ್ಪತ್ತಾರು ಸಲ ನನಗೆ ಕೇಳಿಸಿದ್ದಾನೆ. ಇಪ್ಪತ್ತಾರು ಸಲ ನಾನು ಅವನ ಮೇಲೆ ಗೆರೆ ಹೊಡೆದಿದ್ದೇನೆ.

೩೦ ನವೆಂಬರ್, ಭಾನುವಾರ

ತಾಳಗುಪ್ಪದ ರೈಲಿನಲ್ಲಿ ಕುಂಸಿಗೆ ಹೋಗಿ ಬಂದೆ.

ಶಂಕರಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು. ಹೇಳಬೇಕೆಂದು ರೈಲಿನಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಹೋಗಿ, ಅವತ್ತು ನಾನು ಎಣಿಸಿದ್ದು ನನ್ನ ನಾಡಿಯನ್ನು, ನಿನ್ನ ಮಗುವಿನದಲ್ಲ, ತಪ್ಪಾಯಿತು ಎಂದಷ್ಟೇ ಹೇಳಿದೆ. ಅವಳು ಒಳಗೆ ಹೋಗಿ ಮಜ್ಜಿಗೆ ತಂದಳು. ನಾನು ಕುಡಿದ ಲೋಟ ಇಸಿದುಕೊಂಡು ಹೇಳಿದಳು.

"ನನಗೆ ಸಿಟ್ಟು ಬಂದಿತ್ತು ಅಕ್ಕ. ಈಗ್ಲೂ ಐತೆ. ಆದ್ರೆ ನೀವು ಐತೆ ಅಂದ ಮೇಲೆ ಎರಡು ದಿನ ನಾನು ಅದರ ಜತೆ ಮಾತಾಡ್ದೆ. ಇಲ್ಲ ಅಂದಿದ್ರೆ ಆಡ್ತಿರ್ಲಿಲ್ಲ. ಅದೊಂದು ನನ್ನ ಹತ್ರ ಉಳ್ದೈತೆ."

ಇದನ್ನು ಯಾವ ಕಾಲಮಿಗೆ ಬರೆಯಬೇಕೋ ತಿಳಿಯಲಿಲ್ಲ. ಬರೆದಿದ್ದೇನೆ.

೧೦ ಡಿಸೆಂಬರ್, ಬುಧವಾರ

ಸುವರ್ಣಳ ಮನೆಯಲ್ಲಿ ತೊಟ್ಟಿಲು. ಕಾರ್ಖಾನೆಯ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ಮನೆ, ಸುತ್ತಿಗೆ ಇಲ್ಲಿಗೂ ಚೆನ್ನಾಗಿ ಕೇಳುತ್ತದೆ. ಕರಿಯಣ್ಣ ಅರ್ಧ ದಿನ ರಜೆ ಹಾಕಿದ್ದ. ಭಾವ, ಅಕ್ಕ, ಪುಷ್ಪಮ್ಮನವರು ಎಲ್ಲ ಬಂದಿದ್ದರು. ಹೆಣ್ಣಿಗೆ ಅಜ್ಜಿಯ ಹೆಸರು ಇಟ್ಟರು. ಗಂಡಿಗೆ ಮನೆದೇವರ ಹೆಸರು ಇಟ್ಟರು. ಆದರೆ ಅದನ್ನು ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ನೋಟ್‌ಬುಕ್ಕಿನ ಕಥೆಯನ್ನು ನಾನೇ ಸುವರ್ಣಳಿಗೆ ಹೇಳಿ ಕ್ಷಮೆ ಕೇಳಿದ್ದೆ. ಅಂದಿನಿಂದ ಮನೆಮಂದಿಗೆಲ್ಲ ಅವನು ಗದ್ದಲ. ಗದ್ದಲ ಎದ್ದಿತಾ, ಗದ್ದಲ ಹಾಲು ಕುಡಿಯಿತಾ.

"ಅಕ್ಕ, ಗದ್ದಲಾನ ನೀವೇ ಎತ್ಕೊಳ್ಳಿ. ನಿಮ್ಮ ಕಾಲಮಿನೋನು" ಎಂದು ಸುವರ್ಣ ನನ್ನ ಮಡಿಲಿಗೆ ಹಾಕಿದಳು.

ಸುತ್ತಿಗೆಯ ಏಟುಗಳ ನಡುವೆ ಮಕ್ಕಳಿಬ್ಬರೂ ಕಣ್ಣು ಮುಚ್ಚಿ ಮಲಗಿದ್ದರು, ಒಂದು ರೆಪ್ಪೆಯೂ ಅಲುಗಲಿಲ್ಲ. ಎರಡು ಗಂಟೆಗೆ ಸೈರನ್ ಕೂಗಿ ಸುತ್ತಿಗೆ ನಿಂತಿತು. ಮನೆಯಲ್ಲಿ ಒಮ್ಮೆಲೇ ಸುಮ್ಮನಾಯಿತು. ಇಬ್ಬರೂ ಬೆಚ್ಚಿ ಎದ್ದು ಒಟ್ಟಿಗೆ ಅಳತೊಡಗಿದರು. ಹೊಟ್ಟೆಯೊಳಗಿಂದ ಕೇಳುತ್ತ ಬಂದದ್ದು ನಿಂತುಹೋಯಿತಲ್ಲ, ಅವರಿಗೆ ಅದೇ ಲಾಲಿ ಎಂದು ಭಾವ ಹೇಳಿದರು. ಆಮೇಲೆ ಏನೋ ಲೆಕ್ಕವನ್ನೂ ಹೇಳಿದರು.

ನನಗೆ ಅದು ಕೇಳಲಿಲ್ಲ. ಗದ್ದಲ ನನ್ನ ಎದೆಗೆ ಮುಖ ಒತ್ತಿಕೊಂಡು ಅಳುತ್ತಿದ್ದ. ಅವನ ಬೆನ್ನಿನ ಮೇಲೆ ನನ್ನ ಕೈ ಇತ್ತು, ಬೆರಳುಗಳೆಲ್ಲ ಇದ್ದವು. ಮನೆಗೆ ಬಂದು ಬರೆಯಲು ಕೂತಾಗ ನೆನಪಾಯಿತು, ಇವತ್ತು ನಾನು ಎಣಿಸಲೇ ಇಲ್ಲ.